ಕೆಳಗಿನ ಮನೆಯವರ ಆಯೇರ

ಜರ್ಮನಿಯ ಫೊಯರ್‌ಬಾಕಿನ ಆ ಮೂರು ಮಹಡಿಯ ಕಟ್ಟಡದಲ್ಲಿ ಒಂದು ಮರದ ಹಲಗೆಯ ಕಾರುಬಾರು ನಡೆಯುತ್ತಿತ್ತು. ಅಂಗೈಯಗಲದ ಹಲಗೆ, ಮೇಲೊಂದು ದಾರ, ನಡುವೆ ದಪ್ಪಕ್ಷರದಲ್ಲಿ ‘ಕೇರ್‌ವೊಖೆ’ ಎಂಬ ಬರಹ. ಅದು ಯಾರ ಮನೆಯ ಬಾಗಿಲ ಹಿಡಿಕೆಗೆ ಬಂದು ನೇತಾಡುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದು. ಡಾಕ್ಟರೇ ಇರಲಿ, ಡ್ರೈವರೇ ಇರಲಿ, ರಿಯಾಯಿತಿ ಇಲ್ಲ. ಬೇಕಾದರೆ ಆಳು ಇಟ್ಟು ಮಾಡಿಸಿ, ಯಾರೂ ಬೇಡ ಅನ್ನುವುದಿಲ್ಲ, ಆದರೆ ಮೆಟ್ಟಿಲು ಮಾತ್ರ ಹೊಳೆಯಬೇಕು.

ಮೂರನೆಯ ಮಹಡಿಯ ಪ್ರವೀಣಕುಮಾರನಿಗೆ ಆ ಹಲಗೆ ಕಂಡರೆ ಮೈ ಉರಿಯುತ್ತಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅವನು ಎಂಜಿನಿಯರು. ಗುಳೇದಗುಡ್ಡದಲ್ಲಿದ್ದಾಗ ಕುಡಿದ ಲೋಟ ಎತ್ತಿಟ್ಟವನಲ್ಲ. ಶನಿವಾರ ಸಂಜೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒದ್ದೆ ಬಟ್ಟೆಯನ್ನು ನಾಲ್ಕು ಮೆಟ್ಟಿಲ ಮೇಲೆ ಹಾಗೆ ಹೀಗೆ ಆಡಿಸಿ ಮೇಲೆ ಬಂದುಬಿಡುತ್ತಿದ್ದ. ಮರುದಿನ ಎರಡನೆಯ ಮಹಡಿಯ ಮುದುಕರು ಬಾಗಿಲ ಕೆಳಗೆ ಒಂದು ಚೀಟಿ ತೂರಿಸಿರುತ್ತಿದ್ದರು. ಬಹಳ ಮರ್ಯಾದೆಯ ಚೀಟಿ. ಆ ಮರ್ಯಾದೆಗೇ ಸೌಭಾಗ್ಯಳ ಮುಖ ಸಣ್ಣದಾಗುತ್ತಿತ್ತು. ಗಂಡ ಮಾಡಿದ್ದನ್ನು ಅವಳು ಇನ್ನೊಮ್ಮೆ ಮಾಡುತ್ತಿದ್ದಳು.

ಆ ವರ್ಷ ಸೌಭಾಗ್ಯಳಿಗೆ ಎಂಟು ವರ್ಷದ ಮೇಲೆ ನೌಕರಿ ಸಿಕ್ಕಿತು. ಸಿಕ್ಕ ಖುಷಿಯ ಬೆನ್ನಿಗೇ ಮಗಳ ಚಿಂತೆ ಹತ್ತಿತು. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಹೋರ್ಟಿನಲ್ಲಿ ಜಾಗವಿಲ್ಲ, ಜನವರಿಯ ತನಕ ಕಾಯಿರಿ ಎಂದಿದ್ದರು. ಆಗ ಗಂಡ ಹೆಂಡತಿಗೆ ಏಕಕಾಲಕ್ಕೆ ನೆನಪಾದವಳು ಗುರವ್ವ. ತೊಂಬತ್ತು ದಿನದ ವೀಸಾ. ಅವ್ವನಿಗೆ ಒಮ್ಮೆ ಜರ್ಮನಿ ತೋರಿಸಬೇಕೆಂದು ಎಷ್ಟು ವರ್ಷದ ಆಸೆ ಎಂದು ಪ್ರವೀಣಕುಮಾರ ಎಲ್ಲರಿಗೂ ಫೋನು ಮಾಡಿ ಹೇಳಿದ. ಹೇಳಿ ಹೇಳಿ ಅವನೇ ಅದನ್ನು ನಂಬಿದ. ದಸರೆ ದೀಪಾವಳಿಯ ವ್ಯಾಪಾರ ಬಿಟ್ಟು ಅವಳ ಗಂಡ, ಖಣದ ಅಂಗಡಿಯ ಮಹಾಲಿಂಗಪ್ಪ ಬರುವಂತಿರಲಿಲ್ಲ. ಗುರವ್ವ ಒಬ್ಬಳೇ ವಿಮಾನ ಹತ್ತಿ, ಸೆಪ್ಟೆಂಬರಿನಲ್ಲಿ ಬಂದಿಳಿದಳು.

ಗುರವ್ವನೆಂದರೆ ಅವರ ಓಣಿಯಲ್ಲಿ ಸುಮ್ಮನೆ ಮಾತಲ್ಲ. ಯಾರ ಮನೆಯಲ್ಲಿ ಬಸುರಿ ಹೆಣ್ಣಿಗೆ ಉಡಿ ತುಂಬಿದರೂ ಮೊದಲ ಹಿಡಿ ಅಕ್ಕಿ ಅವಳದೇ. ಜಗಳ ಬಿಡಿಸಲೂ ಅವಳೇ, ಹೆಣ್ಣು ನೋಡಲು ಮುಂದೆ ಹೋಗಲೂ ಅವಳೇ. ಅಂಥವಳು ಫೊಯರ್‌ಬಾಕಿಗೆ ಬಂದು ಮೂರನೆಯ ಮಹಡಿಯ ಕಿಟಕಿಯಲ್ಲಿ ಕೂತಳು. ಕೂತಳೆಂದರೆ ಎಲ್ಲಿ ಕೂತಳು. ಐದಕ್ಕೆ ಎದ್ದು ರೊಟ್ಟಿ ಪಲ್ಯ, ಆರಕ್ಕೆ ಮಗ ಸೊಸೆಯ ಡಬ್ಬಿ, ಏಳಕ್ಕೆ ಮೊಮ್ಮಗಳ ತಲೆ ಬಾಚುವುದು, ಆಮೇಲೆ ಬಟ್ಟೆ, ಪಾತ್ರೆ, ಕಾಳು ಆರಿಸುವುದು. ಊರು ತೋರಿಸುವುದು ಬರುವ ಶನಿವಾರಕ್ಕೆ, ಅದರ ಮುಂದಿನ ಶನಿವಾರಕ್ಕೆ ಹೀಗೆ ಸರಿಯುತ್ತ ಹೋಯಿತು. ಒಂದು ಸಲ ಸೂಪರ್ ಮಾರ್ಕೆಟ್ಟು, ಎರಡು ಸಲ ಊರ ಹೊರಗಿನ ಬೆಟ್ಟ, ಇಷ್ಟೇ ಅವಳು ಕಂಡ ಜರ್ಮನಿ.

ಇನ್ನು ಕೀರ್ತಿ. ಹತ್ತು ವರ್ಷ, ನಾಲ್ಕನೆಯ ತರಗತಿ, ಹುಟ್ಟಿದ್ದು ಬಾಗಲಕೋಟೆಯಲ್ಲಿ, ಬುದ್ಧಿ ಬಂದದ್ದು ಇಲ್ಲಿ. ಅಜ್ಜಿಯ ಮೇಲೆ ಅವಳಿಗೆ ಜೀವ. ಮನೆಯೊಳಗೆ ಅಜ್ಜಿಯ ಮಗ್ಗುಲಲ್ಲೇ ಮಲಗುವವಳು, ಅಜ್ಜಿಯ ಕೈತುತ್ತೇ ಬೇಕು ಎನ್ನುವವಳು. ಬಾಗಿಲು ದಾಟಿದಳೋ, ಹುಡುಗಿ ಬೇರೆಯೇ. ಟ್ರಾಮಿನಲ್ಲಿ ಅಪ್ಪ ಕನ್ನಡದಲ್ಲಿ ಫೋನು ಮಾತಾಡಿದರೆ ಎರಡು ಸೀಟು ಆಚೆ ಹೋಗಿ ಕೂರುತ್ತಿದ್ದಳು. ಹಣೆಯ ಚುಕ್ಕೆಯನ್ನು ಮೊದಲ ತಿರುವಿನಲ್ಲೇ ಒರೆಸಿ ಹಾಕುತ್ತಿದ್ದಳು. ಇದನ್ನೆಲ್ಲ ಯಾರೂ ಕಲಿಸಿರಲಿಲ್ಲ. ಒಂದನೆಯ ತರಗತಿಯಲ್ಲಿ ನಿಮ್ಮ ಮನೆಯಲ್ಲಿ ಆನೆ ಇದೆಯೇ ಎಂದು ಯಾರೋ ಕೇಳಿದಾಗ ಎಲ್ಲರೂ ನಕ್ಕಿದ್ದರಲ್ಲ, ಅಂದಿನಿಂದ ತಾನಾಗಿ ಕಲಿತದ್ದು.

ಆ ಶರತ್ಕಾಲದಲ್ಲಿ ಕೆಳಗಿನ ಮಹಡಿಗೆ ಫಿಸ್ಟರರ್ ಎಂಬವರು ಹೊಸದಾಗಿ ಬಂದರು. ತಾಯಿ ಮಗಳು ಇಬ್ಬರೇ. ತಾಯಿ ಸಂಗೀತ ಕಲಿಸುವಾಕೆ. ಮಗಳು ಫ್ರೀಡಾ ಕೀರ್ತಿಯದೇ ತರಗತಿಗೆ ಸೇರಿದಳು. ಫ್ರೀಡಾ ಯಾರ ಪಕ್ಕ ಕೂರುತ್ತಾಳೆ ಎಂಬುದೇ ತರಗತಿಯ ದೊಡ್ಡ ಸುದ್ದಿಯಾಯಿತು. ಅವಳು ಕೀರ್ತಿಯ ಪಕ್ಕ ಕೂತಳು. ಕೂತದ್ದಲ್ಲದೆ ದಿನಾ ಜೊತೆಯಲ್ಲೇ ಮನೆಗೆ ನಡೆದು ಬರತೊಡಗಿದಳು. ನಾಲ್ಕು ವರ್ಷ ಒಂದು ಹುಟ್ಟುಹಬ್ಬಕ್ಕೂ ಕರೆಸಿಕೊಳ್ಳದ ಹುಡುಗಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನವೆಂಬರಿನ ಒಂದು ಶುಕ್ರವಾರ. ಹಲಗೆ ಮತ್ತೆ ಮೂರನೆಯ ಮಹಡಿಗೆ ಬಂದಿತ್ತು. ಇದೇನೆಂದು ಮಗನಿಂದ ಕೇಳಿ ತಿಳಿದ ಗುರವ್ವನಿಗೆ ಬಹಳ ಹಿಡಿಸಿತು. ಇಷ್ಟು ದಿನದಲ್ಲಿ ಈ ದೇಶದವರು ಮಾಡಿದ್ದರಲ್ಲಿ ತಲೆಗೆ ಹೋದದ್ದು ಇದೊಂದೇ. ಗಂಡಸು ಮಗ ಮೆಟ್ಟಿಲು ಒರೆಸುವುದೆಂದರೇನು, ನಾನಿಲ್ಲವೇ ಎಂದಳು. ಉದ್ದ ಹಿಡಿಯ ಕಸಬರಿಗೆ ಕೈಗೆ ಒಗ್ಗಲಿಲ್ಲ, ಆಚೆ ಒಗೆದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಮಗನ ಹಳೆಯ ಮಫ್ಲರು ಸುತ್ತಿ, ಕಾಲಿಗೆ ಮಗನದೇ ದಪ್ಪ ಸಾಕ್ಸು ಏರಿಸಿ, ಕೈಬ್ರಷ್ಷು ಬಕೆಟ್ಟು ಹಿಡಿದು ಮೇಲಿನಿಂದ ಇಳಿಯುತ್ತ ಬಂದಳು. ತಮ್ಮ ಪಾಲಿನದಷ್ಟೇ ಮಾಡಿದರೆ ಸಾಕಿತ್ತು. ಅರ್ಧ ಮೆಟ್ಟಿಲು ಒರೆಸಿ ಅರ್ಧ ಬಿಡುವುದು ಯಾವ ರೀತಿ ಎಂದು ಕಟ್ಟಡದ ಎಲ್ಲ ಮೆಟ್ಟಿಲೂ ತೊಳೆದಳು. ಕಡೆಯ ಮೆಟ್ಟಿಲ ಮೇಲೆ ಮೊಣಕಾಲೂರಿ ತಿಕ್ಕುತ್ತಿರುವಾಗ ದೊಡ್ಡ ಬಾಗಿಲು ತೆರೆದು ಇಬ್ಬರು ಹುಡುಗಿಯರು ಒಳಗೆ ಬಂದರು.

ಕೀರ್ತಿಗೆ ಮೊದಲು ಕಂಡದ್ದು ಅಜ್ಜಿಯ ಬರಿ ಮೀನಖಂಡ. ಆಮೇಲೆ ಆ ಮಫ್ಲರು, ಆ ಸಾಕ್ಸು.

ಫ್ರೀಡಾ ಹಗುರಾಗಿ ಕೇಳಿದಳು, ನಿಮ್ಮ ಮನೆ ಕೆಲಸದಾಕೆಯೇ ಎಂದು. ಕುಹಕವಿಲ್ಲ, ಕೆಟ್ಟ ಮನಸ್ಸಿಲ್ಲ. ಅಮ್ಮನ ಮಣಿಕಟ್ಟು ಮುರಿದು ಪ್ಲಾಸ್ಟರು ಹಾಕಿದ್ದಾರೆ, ನಾವೂ ಒಬ್ಬರನ್ನು ಹುಡುಕುತ್ತಿದ್ದೇವೆ, ಸಿಕ್ಕುತ್ತಲೇ ಇಲ್ಲ ಎಂದೂ ಸೇರಿಸಿದಳು. ಅಲ್ಲ, ನಮ್ಮಜ್ಜಿ ಎಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡು ಪದ. ಹುಡುಗಿಯ ಬಾಯಿಂದ ಬಂದದ್ದು ಒಂದೇ ಪದ, ಜರ್ಮನ್ನಿನ ಹೌದು.

“ಯಾ.”

ಅಷ್ಟರಲ್ಲಿ ಗುರವ್ವ ತಿರುಗಿ ನೋಡಿ, ಮುಖವೆಲ್ಲ ನಗುವಾಗಿ, ಬಂದೆಯಾ ನನ್ನವ್ವ ಎಂದಳು. ಕೀರ್ತಿ ನೆಲ ನೋಡುತ್ತ ಗೋಡೆಗೆ ಒತ್ತಿಕೊಂಡು ಅವಳನ್ನು ದಾಟಿ ಮೇಲೆ ಓಡಿದಳು. ಮೇಲೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತಳು. ಅಜ್ಜಿ ಬಂದು, ಹೊಟ್ಟೆ ನೋವೇನವ್ವ ಎಂದು ಕೇಳಿದಾಗ ಹೌದೆಂದಳು. ಓಂಕಾಳಿನ ನೀರು ಕುಡಿಯಬೇಕಾಯಿತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಅದೊಂದು ಮಾತು. ಸೋಮವಾರ ಫ್ರೀಡಾಳ ತಾಯಿ ಮೆಟ್ಟಿಲ ಬಳಿ ಕೀರ್ತಿಯನ್ನು ತಡೆದು, ನಿಮ್ಮ ಆ ಹೆಂಗಸು ಮಂಗಳವಾರ ನಮ್ಮಲ್ಲಿಗೂ ಬರಬಹುದೇ, ನಿಮ್ಮ ತಂದೆ ತಾಯಿಯ ಅಭ್ಯಂತರವಿಲ್ಲ ತಾನೆ ಎಂದು ವಿಚಾರಿಸಿದಳು. ಅವರಿಗೆ ಜರ್ಮನ್ ಬರುವುದಿಲ್ಲ ಎಂದು ಕೀರ್ತಿ ಜಾರಿಕೊಳ್ಳಲು ನೋಡಿದಳು. ಕೈಸನ್ನೆ ಮಾಡಿ ನಿಭಾಯಿಸುತ್ತೇನೆ ಎಂದು ಆಕೆ ನಕ್ಕಳು. ಕೀರ್ತಿ ತಲೆಯಾಡಿಸಿದಳು. ಮನಸ್ಸಿನಲ್ಲಿ, ಈಕೆ ಮರೆಯುತ್ತಾಳೆ, ಮರೆಯಲಿ ದೇವರೇ ಎಂದುಕೊಂಡಳು. ಈ ಕಡೆಯವರು ಏನು ಬೇಕಾದರೂ ಮಾಡುತ್ತಾರೆ, ಹೇಳಿದ ವಾರ ಹೇಳಿದ ಹೊತ್ತು ಮಾತ್ರ ಮರೆಯುವುದಿಲ್ಲ. ಅಷ್ಟು ವರ್ಷ ಇಲ್ಲಿದ್ದೂ ಹುಡುಗಿಗೆ ಅದು ಹೊಳೆಯಲಿಲ್ಲ.

ಮಂಗಳವಾರ ರಾತ್ರಿ ಊಟಕ್ಕೆ ಕೂತಾಗ ಗುರವ್ವನ ಮುಖದಲ್ಲಿ ಹಬ್ಬದ ಕಳೆ ಇತ್ತು.

“ಕೆಳಗಿನ ಮನ್ಯಾಕಿ ಬಂದಿದ್ಲು ಇವತ್ತ. ಪಾಪ, ಕೈ ಮುರದೈತಿ ಆಕಿದು. ನನ್ನ ಕೈ ಹಿಡದು ಒಳಗ ಕರಕೊಂಡು ಹೋದ್ಲು. ಬಂದು ಎರಡು ತಿಂಗಳಾತು, ಈ ಊರಾಗ ನನ್ನ ಒಳಗ ಬಾ ಅಂದಾಕಿ ಆಕಿ ಒಬ್ಬಾಕೀನ ನೋಡು.”

ಆಕೆ ಅಡುಗೆಮನೆ ತೋರಿಸಿದಳಂತೆ, ಕಿಟಕಿ ತೋರಿಸಿದಳಂತೆ. ಕೈ ಮುರಿದ ನೆರೆಯವಳು ಬಂದು ಕರೆದ ಮೇಲೆ ಇನ್ನೇನು ಕೇಳುವುದಿದೆ, ಸೆರಗು ಬಿಗಿದು ಎಲ್ಲ ತಿಕ್ಕಿ ತೊಳೆದು, ಒಂದಿಷ್ಟು ಚಿತ್ರಾನ್ನವನ್ನೂ ಕಲಸಿಟ್ಟು ಬಂದಿದ್ದಳು. ಲಕೋಟೆಯಲ್ಲಿ ಏನೋ ಹಾಕಿ ಕೊಡಲು ಬಂದಳು, ಹುಚ್ಚಿ, ನೆರೆಹೊರೆಯಲ್ಲಿ ಇದೆಲ್ಲ ಮಾಡುತ್ತಾರೆಯೇ ಎಂದು ಗುರವ್ವ ನಕ್ಕಳು.

ಸೌಭಾಗ್ಯಳ ಕೈ ತಟ್ಟೆಯಲ್ಲಿ ಒಂದು ಗಳಿಗೆ ನಿಂತಿತು. ಹಾಗೆಲ್ಲ ಕರೆದು ಕೆಲಸ ಮಾಡಿಸಿಕೊಳ್ಳುವವರಲ್ಲವಲ್ಲ ಇವರು, ಏನೋ ತಪ್ಪು ತಿಳಿದಿರಬೇಕು, ನೀವು ಹೋಗಬೇಡಿ ಅತ್ತಿ ಎಂದಳು. ಕರೆದರೆ ಹೋಗದಿರುವುದು ಎಲ್ಲಿಯ ಪದ್ಧತಿ ಎಂದಳು ಗುರವ್ವ. ಪ್ರವೀಣಕುಮಾರ ಫೋನಿನಿಂದ ತಲೆ ಎತ್ತದೆ, ಹೋಗಲಿ ಬಿಡೆ, ಅವ್ವನಿಗೂ ಹೊತ್ತು ಹೋಗುತ್ತದೆ ಎಂದ. ಕೆಳಗೆ ಹೋಗಿ ಒಂದು ಮಾತು ಕೇಳಿಬರಲು ಅವರಿಬ್ಬರಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಕೀರ್ತಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತ ಕೂತಿದ್ದಳು. ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತಲೇ ಊಟ ಮುಗಿಯಿತು.

ಎರಡನೆಯ ಮಂಗಳವಾರವೂ ಆಯಿತು. ಅಜ್ಜಿ ಲಕೋಟೆ ಮತ್ತೆ ತಳ್ಳಿದಳು. ಫ್ರೀಡಾಳ ತಾಯಿ ಕೀರ್ತಿಯನ್ನು ಕರೆದು, ಈಕೆ ಯಾಕೆ ತೆಗೆದುಕೊಳ್ಳುತ್ತಿಲ್ಲ, ನಾನೇನಾದರೂ ತಪ್ಪು ಮಾಡಿದೆನೇ ಎಂದು ಕೇಳಿದಳು. ಸುಳ್ಳು ಹೇಳುತ್ತ ಹೇಳುತ್ತ ನಾಲಗೆ ಸರಾಗವಾಗುತ್ತದೆ. ಕಾಯಿಲೆಯವರಿಂದ ಹಣ ತೆಗೆದುಕೊಳ್ಳುವುದು ಅವರ ಧರ್ಮದಲ್ಲಿ ಇಲ್ಲ ಎಂದಳು ಹುಡುಗಿ. ಹೇಳಿದ ಮೇಲೆ ತನ್ನ ಧೈರ್ಯ ಕಂಡು ತಾನೇ ಹೆದರಿದಳು. ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿದಾಗ ಅವಳ ಅಂಗೈ ಮುಟ್ಟಿ ನೋಡಿದಳು. ಸೋಪಿನ ನೀರಿಗೆ ಒಡೆದು ಒರಟಾಗಿತ್ತು. ಕೈ ಹಿಂದಕ್ಕೆ ಎಳೆದುಕೊಂಡಳು.

ಹಾಗೆಂದು ಮರುದಿನ ಫ್ರೀಡಾಳ ಮನೆಗೆ ಆಡಲು ಹೋಗುವುದನ್ನೇನೂ ಅವಳು ಬಿಡಲಿಲ್ಲ. ಅಜ್ಜಿ ತಿಕ್ಕಿ ಬೆಳಗಿದ ಅದೇ ಅಡುಗೆಮನೆಯಲ್ಲಿ ಕೂತು ಬಿಸಿ ಕೋಕೋ ಕುಡಿದಳು. ಅಲ್ಲಿ ಫ್ರೀಡಾ ನಿಮ್ಮ ಕೆಲಸದಾಕೆ ತುಂಬ ಒಳ್ಳೆಯವಳು ಎಂದಾಗ ಹೂಂ ಎಂದಳು. ಅದನ್ನು ಮುಚ್ಚಿಡುವುದು ಸರಿಯಲ್ಲ, ಅದಕ್ಕೆ ಹೇಳಿದೆ.

ಮೂರನೆಯ ಮಂಗಳವಾರ ಗುರವ್ವ ಒಂದು ಕೋಟು ತೊಟ್ಟು ಮೇಲೆ ಬಂದಳು. ಕಡುನೀಲಿ ಬಣ್ಣದ ಉಣ್ಣೆಯ ಕೋಟು, ಭಾರವಾದದ್ದು, ಹಳೆಯದು. ಹಣ ಬೇಡವೆಂದವಳು ಚಳಿಗೆ ಮಗನ ಸ್ವೆಟರಿನಲ್ಲಿ ಓಡಾಡುವುದು ಕಂಡು ಫಿಸ್ಟರರ್ ಕೊಟ್ಟಿದ್ದಳು. ಗುರವ್ವ ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿದಳು. ಗುಳೇದಗುಡ್ಡಕ್ಕೆ ವಿಡಿಯೋ ಕಾಲ್ ಹಚ್ಚಿಸಿ ಗಂಡನಿಗೆ ತೋರಿಸಿದಳು.

“ಆಯೇರ ಮಾಡ್ಯಾಳ ನೋಡ್ರಿ ನನಗ. ಅಕ್ಕ ತಂಗಿ ಮಾಡಿದಂಗ ಮಾಡ್ಯಾಳ. ಆಕಿ ಕೈ ಬರಿದ ಬಿಡೂದು ಚಂದಲ್ಲ, ನಾವೂ ತಿರುಗಿ ಮಾಡಬೇಕು.”

ಬೀಗರು, ನೆಂಟರು, ಪ್ರೀತಿಯವರು ಬಟ್ಟೆ ಕೊಟ್ಟು ಗೌರವಿಸುವುದು ಆಯೇರ. ಒಂದು ಕಡೆಯ ಆಯೇರವೆಂಬುದಿಲ್ಲ. ಕೊಟ್ಟವರಿಗೆ ತಿರುಗಿ ಕೊಡಲೇಬೇಕು, ಅದೂ ಅದಕ್ಕಿಂತ ಒಂದು ತೂಕ ಮೇಲೆ. ಗುರವ್ವ ತನಗೆಂದು ತಂದಿದ್ದ, ಇನ್ನೂ ಮಡಿಕೆ ಬಿಚ್ಚದ ಇಳಕಲ್ ಸೀರೆ ತೆಗೆದಳು. ಅದಕ್ಕೊಂದು ಕುಪ್ಪಸದ ಖಣ ಜೋಡಿಸಿದಳು. ಸೌಭಾಗ್ಯಳಿಂದ ಏಷಿಯಾ ಅಂಗಡಿಯ ತೆಂಗಿನಕಾಯಿ ತರಿಸಿದಳು. ಹೋಳಿಗೆಗೆ ಕಡಲೆಬೇಳೆ ಬೇಯಿಸಿದಳು. ಕೀರ್ತಿ ಅಜ್ಜಿಯ ಹಿಂದೆ ಹಿಂದೆ ತಿರುಗುತ್ತ, ಬೇಡ ಅಜ್ಜಿ, ಅವರಿಗೆ ಇದೆಲ್ಲ ಗೊತ್ತಿಲ್ಲ, ಸೀರೆ ಅವರು ಉಡುವುದಿಲ್ಲ ಎಂದು ನೂರು ಸಲ ಹೇಳಿದಳು. ಉಟ್ಟರೂ ಸೈ, ಇಟ್ಟರೂ ಸೈ ಎಂದಳು ಗುರವ್ವ. ನೀನೂ ನಿಮ್ಮಪ್ಪನೂ ಬರಬೇಕು, ನಾನು ಹೇಳಿದ್ದನ್ನು ಅವಳಿಗೆ ತಿಳಿಯುವಂತೆ ಹೇಳಬೇಕು ಎಂದಳು.

ಭಾನುವಾರ ಮಧ್ಯಾಹ್ನ ಹೊರಟರು. ಕೀರ್ತಿ ಹೊಟ್ಟೆ ನೋವು ಎಂದಳು, ತಲೆ ನೋವು ಎಂದಳು, ಯಾವುದೂ ನಡೆಯಲಿಲ್ಲ. ಮುಂದೆ ಹಿತ್ತಾಳೆಯ ತಟ್ಟೆ ಹಿಡಿದ ಗುರವ್ವ, ನೀಲಿ ಕೋಟಿನ ಕೆಳಗೆ ಹಸಿರು ಸೀರೆ. ಹಿಂದೆ ಹೋಳಿಗೆಯ ಡಬ್ಬಿ ಹಿಡಿದ ಪ್ರವೀಣಕುಮಾರ. ಕಡೆಗೆ ಕೀರ್ತಿ, ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತ.

ಫಿಸ್ಟರರ್ ಬಾಗಿಲು ತೆರೆದಳು. ಪ್ಲಾಸ್ಟರು ಬಿಚ್ಚಿದ್ದರು, ಆ ಕೈ ತೆಳ್ಳಗೆ ಬೆಳ್ಳಗೆ ಕಾಣುತ್ತಿತ್ತು. ಮೇಜಿನ ಮೇಲೆ ಕ್ರಿಸ್‌ಮಸ್ ಹತ್ತಿರ ಬಂದದ್ದಕ್ಕೆ ಹಸಿರು ಎಲೆಗಳ ನಡುವೆ ಒಂದು ಮೇಣದ ಬತ್ತಿ ಹಚ್ಚಿದ್ದರು. ಫ್ರೀಡಾ ಅಲ್ಲೇ ಚಿತ್ರ ಬರೆಯುತ್ತಿದ್ದಳು. ಪ್ರವೀಣಕುಮಾರ ತನ್ನ ಆಫೀಸಿನ ಜರ್ಮನ್ನಿನಲ್ಲಿ ಒಂದೊಂದೇ ಪದ ಜೋಡಿಸಿ, ನನ್ನ ತಾಯಿಗೆ ನೀವು ತೋರಿದ ಪ್ರೀತಿಗೆ ಬಹಳ ಉಪಕಾರ, ನನ್ನ ತಾಯಿ ನಮ್ಮ ಪದ್ಧತಿಯಂತೆ ನಿಮಗೆ ಏನೋ ಕೊಡಬೇಕೆಂದಿದ್ದಾಳೆ ಎಂದ.

ಫಿಸ್ಟರರ್ ನಗುತ್ತ ಕೇಳುತ್ತಿದ್ದವಳು ಗುರವ್ವನ ಕಡೆ ತಿರುಗಿದಳು. ಈಕೆ ನಿಮ್ಮ ತಾಯಿಯೇ ಎಂದು ಕೇಳಿದಳು. ಹೌದು ಎಂದ ಅವನು. ಆಕೆಯ ಕತ್ತು, ಕಿವಿ, ಹಣೆ ಕೆಂಪಾದವು. ಈಕೆ ನಿಮ್ಮ ಮನೆ ಕೆಲಸದವರು ಎಂದು ತಿಳಿದಿದ್ದೆ, ನನಗೆ ಹಾಗೆಂದು ಹೇಳಿದ್ದರು ಎನ್ನುತ್ತ ಆಕೆ ಕೀರ್ತಿಯ ಕಡೆ ನೋಡಿದಳು. ಪ್ರವೀಣಕುಮಾರ ಕೀರ್ತಿಯ ಕಡೆ ನೋಡಿದ. ಫ್ರೀಡಾ ಪೆನ್ಸಿಲು ಕೆಳಗಿಟ್ಟು ಕೀರ್ತಿಯ ಕಡೆ ನೋಡಿದಳು. ಮೂರು ಜೊತೆ ಕಣ್ಣು. ಗುರವ್ವ ಒಬ್ಬಳೇ ತಟ್ಟೆ ಹಿಡಿದು ಎಲ್ಲರ ಮುಖ ನೋಡುತ್ತ ನಗುತ್ತಿದ್ದಳು.

“ಏನಂತಾಳೋ ತಮ್ಮಾ?”

“ಏನಿಲ್ಲವ್ವ,” ಎಂದ ಪ್ರವೀಣಕುಮಾರ. “ಭಾಳ ಖುಷಿ ಆಗೇತಂತ.”

ಆಮೇಲೆ ನಡೆದದ್ದನ್ನು ಕೀರ್ತಿ ಕಣ್ಣು ಎತ್ತದೆಯೂ ಪೂರ್ತಿ ನೋಡಿದಳು. ಗುರವ್ವ ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿದಳು. ಉಡಿ ಒಡ್ಡಲು ಆಕೆಗೆ ಸೆರಗಿಲ್ಲ, ಒಂದು ಟವೆಲು ಕೇಳಿ ಮಡಿಲಲ್ಲಿ ಹರವಿದಳು. ಹಣೆಗೆ ಕುಂಕುಮ ಇಟ್ಟಳು. ಐದು ಹಿಡಿ ಅಕ್ಕಿ, ಕಾಯಿ, ಬಾಳೆಹಣ್ಣು, ಖಣ, ಅದರ ಮೇಲೆ ಆ ಇಳಕಲ್ ಸೀರೆ. ಒಂದೊಂದನ್ನೂ ಹಾಕುತ್ತ, ಕೈಗೆ ಬಲ ಬರಲಿ, ಮಗಳು ಬೆಳೆದು ದೊಡ್ಡವಳಾಗಲಿ, ಮನೆ ತುಂಬಿರಲಿ ಎಂದು ಕನ್ನಡದಲ್ಲೇ ಹರಸಿದಳು. ಫಿಸ್ಟರರ್ ಮಡಿಲು ಬಿಗಿಯಾಗಿ ಹಿಡಿದುಕೊಂಡು ಅಲುಗಾಡದೆ ಕೂತಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಕಂಡು ಗುರವ್ವ, ತವರು ನೆನಪಾಗಿರಬೇಕು ಪಾಪ ಎಂದು ಆಕೆಯ ಕೆನ್ನೆ ಒರೆಸಿದಳು. ಆ ಕೋಣೆಯಲ್ಲಿ ನಾಚಿಕೆಯಿಲ್ಲದೆ ನಿಂತಿದ್ದವಳು ಗುರವ್ವ ಒಬ್ಬಳೇ.

ಮೇಲೆ ಬಂದು ಬಾಗಿಲು ಹಾಕಿದ್ದೇ ತಡ, ಪ್ರವೀಣಕುಮಾರ ಸಿಡಿದ. ಮಗಳ ರಟ್ಟೆ ಹಿಡಿದು ಅಲುಗಿಸಿದ. ಅವ್ವ ಇನ್ನೂ ಚಪ್ಪಲಿ ಬಿಡುತ್ತಿದ್ದಾಳೆ ಎಂಬುದು ಅವನಿಗೆ ಮರೆತುಹೋಯಿತು.

“ಸ್ವಂತ ಅಜ್ಜಿನ್ನ ಕೆಲಸದಾಕಿ ಅಂತ ಹೇಳೀಯೇನ ನೀನು? ಮೂರು ವಾರ ಆಕಿ ಅವರ ಮನಿ ತಿಕ್ಕ್ಯಾಳ, ಕೂಲಿ ಅಂತ ಹಳೇ ಕೋಟ ಕೊಟ್ಟಾರ. ನಾ ಇನ್ನ ಅವರ ಮುಂದ ಹೆಂಗ ತಲಿ ಎತ್ತಲಿ?”

ಅಡುಗೆಮನೆಯಿಂದ ಬಂದ ಸೌಭಾಗ್ಯ ಬಾಯಿಗೆ ಕೈ ಇಟ್ಟುಕೊಂಡಳು. ಗುರವ್ವ ನಿಧಾನವಾಗಿ ನೆಟ್ಟಗಾದಳು. ಒಂದು ಸಲ ಮಗನನ್ನು ನೋಡಿದಳು, ಒಂದು ಸಲ ಮೊಮ್ಮಗಳನ್ನು. ಕೋಟಿನ ಗುಂಡಿ ಬಿಚ್ಚಿದಳು, ಗೂಟಕ್ಕೆ ಹಾಕಿದಳು. ಬಂದು ಸೋಫಾದ ಅಂಚಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಓಣಿಯ ಜಗಳ ಬಿಡಿಸುವಾಗ ಮಾತಾಡುವ ದನಿ ಅದು.

“ಆ ಕೂಸಿಗೆ ಯಾಕ ಬೈತಿ ತಮ್ಮಾ. ನಾ ಬಂದು ಎಪ್ಪತ್ತೈದು ದಿನಾ ಆತು. ಐದಕ್ಕ ಏಳ್ತೀನಿ, ರೊಟ್ಟಿ ಮಾಡ್ತೀನಿ, ಅರಬಿ ಒಗಿತೀನಿ, ಭಾಂಡೆ ತಿಕ್ಕ್ತೀನಿ. ಆಕಿ ಕಣ್ಣಾರೆ ಕಂಡದ್ದನ್ನ ಹೇಳ್ಯಾಳ. ನೀವು ನನ್ನ ಮತ್ತ ಎದಕ್ಕ ಕರಸೀರಿ?”

ಪ್ರವೀಣಕುಮಾರನ ಕೈ ಮಗಳ ರಟ್ಟೆಯಿಂದ ತಾನಾಗಿ ಜಾರಿತು. ಊರು ತೋರಿಸಬೇಕೆಂದು ಕರೆಸಿದೆವು ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ಅಲ್ಲೇ ಒಣಗಿತು. ಸೌಭಾಗ್ಯ ಗೋಡೆಯ ಕಡೆ ತಿರುಗಿದಳು.

ಕೀರ್ತಿಗೆ ಒಂದು ಕ್ಷಣ ಉಸಿರು ಸಿಕ್ಕಂತಾಯಿತು. ಅಜ್ಜಿ ತನ್ನನ್ನು ಪಾರು ಮಾಡಿದ್ದಳು. ತಪ್ಪೆಲ್ಲ ಈಗ ಅಪ್ಪ ಅಮ್ಮನದು. ಸುಮ್ಮನಿದ್ದರೆ ಸಾಕು, ಅಜ್ಜಿ ಕೈ ಚಾಚುತ್ತಾಳೆ, ಹೋಗಿ ಮಡಿಲಲ್ಲಿ ಮುಖ ಇಡಬಹುದು. ಗುರವ್ವ ಕೈ ಚಾಚಿಯೂ ಚಾಚಿದಳು. ಹುಡುಗಿ ಅಲ್ಲೇ ನಿಂತಳು. ಕಂಡದ್ದನ್ನು ಹೇಳಿದವಳು ತಾನಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಜ್ಜಿ ಮಾಡಿಕೊಟ್ಟ ಆ ಒಳ್ಳೆಯ ಕಾರಣದೊಳಗೆ ಹೋಗಿ ಅಡಗಿಕೊಳ್ಳಲು ಅವಳಿಂದಾಗಲಿಲ್ಲ. ಮೂರು ವಾರದ ಮೇಲೆ ಮೊದಲ ಸಲ ಬಾಯಿ ನಿಜ ನುಡಿಯಿತು.

“ಹಂಗಲ್ಲ ಅಜ್ಜಿ. ನನಗ ಗೊತ್ತಿತ್ತು. ನೀ ನಮ್ಮಜ್ಜಿ ಅಂತ ಹೇಳಾಕ ನನಗ ನಾಚಿಕಿ ಆತು. ನಿನ್ನ ಸೀರಿ ನೋಡಿ, ಸಾಕ್ಸ್ ನೋಡಿ. ಅದಕ್ಕ ಹಂಗ ಹೇಳಿದ್ನಿ.”

ಕೆಲಸದಾಕಿ ಎಂದದ್ದಕ್ಕೆ ಬಾಡದ ಮುಖ ಈಗ ಬಾಡಿತು. ಕೀರ್ತಿ ಅದನ್ನು ಕಣ್ಣೆದುರೇ ನೋಡಿದಳು. ಗುರವ್ವ ಚಾಚಿದ ಕೈಯನ್ನು ಮಡಿಲಿಗೆ ತೆಗೆದುಕೊಂಡು, ತನ್ನ ಸೀರೆಯ ನೆರಿಗೆಯನ್ನು ಸುಮ್ಮನೆ ಸರಿ ಮಾಡಿಕೊಂಡಳು. ಹೌದೇನವ್ವ ಎಂದಳು, ಅಷ್ಟೇ. ಎದ್ದು ಒಳಗೆ ಹೋಗಿ ಸಂಜೆಯ ಅಡುಗೆಗೆ ಇಟ್ಟಳು. ಸೌಭಾಗ್ಯ ಓಡಿಹೋಗಿ ಕೈಯಿಂದ ಸೌಟು ಕಿತ್ತುಕೊಂಡಳು, ಪ್ರವೀಣಕುಮಾರ ಪಾತ್ರೆ ತೊಳೆಯಲು ನಿಂತ. ಅದನ್ನೆಲ್ಲ ನೋಡಿ ಗುರವ್ವ ಹಾಸಿಗೆಯ ಮೇಲೆ ಹೋಗಿ ಕೂತಳು.

ಉಳಿದ ದಿನಗಳಲ್ಲಿ ಮನೆಯಲ್ಲಿ ಉಪಚಾರವೋ ಉಪಚಾರ. ಪ್ರವೀಣಕುಮಾರ ರಜೆ ಹಾಕಿ ಅವ್ವನಿಗೆ ಅರಮನೆ ತೋರಿಸಿದ, ಕೊಳ ತೋರಿಸಿದ, ಟಿವಿ ಟವರು ಹತ್ತಿಸಿದ. ಗುರವ್ವ ಎಲ್ಲ ನೋಡಿದಳು, ಚಂದೈತಿ ಎಂದಳು. ಕೀರ್ತಿಯ ತಲೆ ಬಾಚುವುದನ್ನು ಬಿಡಲಿಲ್ಲ, ತುತ್ತು ಕೊಡುವುದನ್ನು ಬಿಡಲಿಲ್ಲ. ಸಿಟ್ಟು ಮಾಡಿದ್ದರೆ, ಒಂದು ಏಟು ಹೊಡೆದಿದ್ದರೆ ಎಷ್ಟೋ ವಾಸಿ ಎಂದು ಹುಡುಗಿಗೆ ಅನ್ನಿಸುತ್ತಿತ್ತು. ಒಂದು ಮಾತ್ರ ಬದಲಾಗಿತ್ತು. ಕಟ್ಟಡದ ಹೊರಗೆ ಹೋದಾಗ ಅಜ್ಜಿ ಮೊಮ್ಮಗಳ ಕೈ ಹಿಡಿಯುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದಳು. ಕೀರ್ತಿ ನಿಂತರೆ ಅವಳೂ ನಿಲ್ಲುತ್ತಿದ್ದಳು.

ಶಾಲೆಯಲ್ಲಿ ಫ್ರೀಡಾ ಮೂರು ದಿನ ಬೇರೆ ಬೆಂಚಿನಲ್ಲಿ ಕೂತಳು. ಸ್ವಂತ ಅಜ್ಜಿಯ ವಿಷಯದಲ್ಲಿ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಎಲ್ಲರೆದುರು ಕೇಳಿದಳು. ಕೀರ್ತಿ ತಲೆ ತಗ್ಗಿಸಿ, ಮಾಡಿದೆ, ತಪ್ಪಾಯಿತು ಎಂದಳು. ನಾಲ್ಕನೆಯ ದಿನ ತಾನೇ ಅವಳ ಬಳಿ ಹೋಗಿ, ಶನಿವಾರ ಅಜ್ಜಿ ಊರಿಗೆ ಹೋಗುತ್ತಾಳೆ, ಇವತ್ತು ಮನೆಗೆ ಬಾ, ಅವಳಿಗೆ ನಿನ್ನನ್ನು ಸರಿಯಾಗಿ ಪರಿಚಯಿಸಬೇಕು ಎಂದಳು. ಫ್ರೀಡಾ ಯೋಚಿಸಿ ಒಪ್ಪಿದಳು. ಬರುವಾಗ ಕೆಳಗಿನ ತಮ್ಮ ಮನೆಯಿಂದ ತಾಯಿ ಮಾಡಿದ ಬಿಸ್ಕೀಟಿನ ಡಬ್ಬಿಯನ್ನೂ ಎತ್ತಿಕೊಂಡಳು.

ಮೂರು ಮಹಡಿ ಹತ್ತುವಷ್ಟೂ ಹೊತ್ತು ಕೀರ್ತಿ ಬೇಕೆಂದೇ ಗಟ್ಟಿಯಾಗಿ ಮಾತಾಡಿದಳು. ಎಲ್ಲ ಮನೆಗೂ ಕೇಳಲಿ ಎಂದು. ನಮ್ಮಜ್ಜಿ ಹೀಗೆ, ನಮ್ಮಜ್ಜಿ ಹಾಗೆ. ಕೀಲಿ ತಿರುವಿ ಬಾಗಿಲು ತೆಗೆಯುವಾಗ ಒಳಗೆ ಸೀರೆಯ ಸಪ್ಪಳ ಕೇಳಿತು, ಸರಸರನೆ ಹೆಜ್ಜೆ ಕೇಳಿತು. ಹಜಾರದಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಬರುವುದನ್ನು ಅಜ್ಜಿ ಕಿಟಕಿಯಿಂದ ಕಂಡಿರಬೇಕು, ಮೇಜಿನ ಮೇಲೆ ಇಬ್ಬರಿಗೆ ಆಗುವಷ್ಟು ಉಂಡಿ, ಚಕ್ಕುಲಿ, ಮುಚ್ಚಿಟ್ಟ ಹಾಲು. ಮಲಗುವ ಕೋಣೆಯ ಬಾಗಿಲು ಆಗಷ್ಟೇ ಮುಚ್ಚಿಕೊಂಡಿತ್ತು.

“ಅಜ್ಜಿ, ಹೊರಗ ಬಾ. ಫ್ರೀಡಾ ಬಂದಾಳ.”

“ಗೊತ್ತಾತು ನನ್ನವ್ವ. ನೀವು ಆಡ್ರಿ. ನಾ ಇಲ್ಲೇ ಅದೀನಿ, ಹೊರಗ ಬರೂದಿಲ್ಲ.”

ಆ ದನಿಯಲ್ಲಿ ಮುನಿಸಿರಲಿಲ್ಲ. ಮೊಮ್ಮಗಳಿಗೆ ಅನುಕೂಲ ಮಾಡಿಕೊಟ್ಟ ಸಮಾಧಾನವಿತ್ತು. ಕೀರ್ತಿ ಬಾಗಿಲು ತಟ್ಟಿದಳು. ನಿನ್ನನ್ನು ತೋರಿಸಲಿಕ್ಕೇ ಕರೆತಂದಿದ್ದೇನೆ ಎಂದಳು, ನೀ ಬಾರದೆ ನಾನು ಇಲ್ಲಿಂದ ಏಳುವುದಿಲ್ಲ ಎಂದಳು. ಒಳಗಿನಿಂದ, ಹಾಲು ಆರುತ್ತದೆ, ಆ ಹುಡುಗಿಗೆ ಕೊಡು ಎಂಬ ಮಾತು ಬಂತು. ಕೀರ್ತಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಅಳತೊಡಗಿದಳು. ಫ್ರೀಡಾ ಏನು ಮಾಡಬೇಕೆಂದು ತಿಳಿಯದೆ, ಬಿಸ್ಕೀಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಶೂಸು ಹಾಕಿಕೊಂಡು, ಸದ್ದಿಲ್ಲದೆ ಕೆಳಗಿಳಿದು ಹೋದಳು. ಅವಳ ಹೆಜ್ಜೆಯ ಸದ್ದು ಅಡಗುವ ತನಕ ಗುರವ್ವ ಬಾಗಿಲು ತೆಗೆಯಲಿಲ್ಲ.